ಭಾನುವಾರದಿಂದ ಶುರುವಾಗುವ ಪುಸ್ತಕ

“ನೀವು ನಿನ್ನೆ ಬರಬೇಕಿತ್ತಲ್ಲ, ಮೇಡಂ?” ಎಂದು ಸ್ವಾಗತದ ಮೇಜಿನ ಬಳಿಯಿದ್ದ ಹೆಂಗಸು ಹಿಂದಿಯಲ್ಲಿ ಕೇಳಿದರು. ಆ ದಿನ ಸೋಮವಾರ. ನಾನು ಮೈಸೂರಿನಿಂದ ಕತಾರಿಗೆ ಬಂದು ಮೂರು ವಾರವಾಗಿತ್ತು. ಹತ್ತು ವರ್ಷ ಗಣಿತ ಕಲಿಸಿದ ದಾಖಲೆಗಳನ್ನು ಫೈಲಿಗೆ ಹಾಕಿಕೊಂಡು, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಇಲ್ಲಿನ ಭಾರತೀಯ ಶಾಲೆಯೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಫೋನಿನಲ್ಲಿ ಅವರು “ಮುಂದಿನ ವಾರದ ಮೊದಲನೇ ದಿನ ಬನ್ನಿ” ಎಂದಿದ್ದರು. ನನ್ನ ಪಾಲಿಗೆ ಮೊದಲನೇ ದಿನವೆಂದರೆ ಸೋಮವಾರ. ಇಲ್ಲಿ ಶಾಲೆ, ಕಚೇರಿಗಳ ವಾರ ಭಾನುವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಗಂಡ ರಘು ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಕೆಲಸ ಮಾಡುವುದರಿಂದ ನಮ್ಮ ಮನೆಯ ವಾರಕ್ಕೆ ತಲೆಬುಡವೇ ಇರಲಿಲ್ಲ.

ನನ್ನ ಮುಖ ನೋಡಿ ಆಕೆಗೆ ಏನನ್ನಿಸಿತೋ, ಒಳಗೆ ಹೋಗಿ ಬಂದರು. “ಎರಡು ವಾರ ಬಿಟ್ಟು ಭಾನುವಾರ ಬನ್ನಿ. ಒಂದು ಪಾಠ ಮಾಡಿ ತೋರಿಸಬೇಕು. ಈ ಸಲ ತಪ್ಪಿಸಬೇಡಿ” ಎಂದರು.

ಮನೆಗೆ ಬಂದು ಅತ್ತುಬಿಟ್ಟೆ. ಊರಿಂದ ತಂದ ಪಂಚಾಂಗದ ಕ್ಯಾಲೆಂಡರ್ ಗೋಡೆಯ ಮೇಲಿತ್ತು. ಅದರಲ್ಲಿ ಭಾನುವಾರಗಳೆಲ್ಲ ಕೆಂಪು. ಮದೀನತ್ ಖಲೀಫಾ ಬಡಾವಣೆಯ ವಿಲ್ಲಾವೊಂದರಲ್ಲಿ ನಾವು ಮಹಡಿಯ ಮೇಲೆ, ಕೆಳಗೆ ಜೊಹರಾ ಅಕ್ಕ. ಉಳ್ಳಾಲದವರು, ಬಂದು ಇಪ್ಪತ್ತು ವರ್ಷದ ಮೇಲಾಗಿದೆ.

“ಎಂತ ಮಾರಾಯ್ತಿ, ಇದಕ್ಕೆಲ್ಲ ಅಳುವುದಾ?” ಎಂದರು ಅಕ್ಕ, ಸದ್ದು ಕೇಳಿ ಮೇಲೆ ಬಂದು. “ಆ ಕ್ಯಾಲೆಂಡರ್ ಇರ್ಲಿ, ನಿನಗೆ ಹಬ್ಬ ನೋಡ್ಲಿಕ್ಕೆ ಬೇಕಲ್ಲ. ಇಲ್ಲಿಯ ವಾರಕ್ಕೆ ಬೇರೆ ಪುಸ್ತಕ ಮಾಡು.”

ಹೀಗೆ ನನ್ನ ಬುಲೆಟ್ ಜರ್ನಲ್ ಶುರುವಾಯಿತು. ಹೆಸರು ಕೇಳಿ ಹೆದರಬೇಡಿ. ಖಾಲಿ ಪುಸ್ತಕದಲ್ಲಿ ದಿನಗಳನ್ನು ನಾವೇ ಬರೆದುಕೊಳ್ಳುವುದು. ಮಾಡಬೇಕಾದ ಕೆಲಸಕ್ಕೊಂದು ಚುಕ್ಕಿ, ಮುಗಿದರೆ ಅದರ ಮೇಲೆ ಗುಣಾಕಾರದ ಗುರುತು, ಮುಗಿಯದಿದ್ದರೆ ಮುಂದಿನ ವಾರಕ್ಕೆ ಬಾಣ. ಅಷ್ಟೇ ವಿದ್ಯೆ.

ಪುಸ್ತಕ ಕೊಳ್ಳಲು ಇಬ್ಬರೂ ಮಕ್ತಬಾಕ್ಕೆ ಹೋದೆವು. ಇಲ್ಲಿ ಸ್ಟೇಷನರಿ ಅಂಗಡಿಗೆ ಆ ಹೆಸರು. ಮೈಸೂರಿನಲ್ಲಿ ಜೂನ್ ತಿಂಗಳ ನೂಕುನುಗ್ಗಲಲ್ಲಿ ಕಾಕಿ ಬೈಂಡು, ಲಾಂಗ್ ಬುಕ್ಕು ಎಂದು ಕೂಗಿ ಕೇಳುತ್ತಿದ್ದವಳು ನಾನು. ಇಲ್ಲಿ ಗಾಜಿನ ಕಪಾಟುಗಳ ಮುಂದೆ ಪಿಸುಗುಡುತ್ತಾ ನಡೆದಾಡಿದೆ. ಚೆಂದದ ಡೈರಿಯೊಂದನ್ನು ತೆರೆದರೆ ಅದು ಬಲಗಡೆಯಿಂದ ಶುರುವಾಗುತ್ತಿತ್ತು, ಅಂಕಿಗಳೂ ಅರಬ್ಬಿ. ಗಣಿತದ ಟೀಚರಿಗೇ ಅಂಕಿ ಓದಲು ಬರಲಿಲ್ಲ. ಬುಟ್ಟಿಗೆ ಬ್ರಷ್ ಪೆನ್ನು, ಹೂವಿನ ಟೇಪು, ಸ್ಟಿಕ್ಕರು ತುಂಬಿಕೊಂಡೆ.

“ಇಷ್ಟು ಬಣ್ಣ ಎಂತಕ್ಕೆ? ಮದರಂಗಿ ಇಡ್ಲಿಕ್ಕಾ?” ಎಂದು ಜೊಹರಾ ಅಕ್ಕ ಒಂದೊಂದಾಗಿ ವಾಪಸಿಟ್ಟರು. “ಒಂದು ಪುಸ್ತಕ, ಒಂದು ಪೆನ್ನು. ಖಲಾಸ್!” ಮುಗಿಯಿತು ಎನ್ನುವುದಕ್ಕೆ ಇಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ಕೊನೆಗೆ ಚುಕ್ಕಿ ಹಾಳೆಯ ಪುಸ್ತಕ ಆರಿಸಿದೆ. ರಂಗೋಲಿ ಇಡುವ ಕೈಗೆ ಚುಕ್ಕಿ ಹೊಸದಲ್ಲ. ಗೆರೆ ನೆಟ್ಟಗೆ ಬರುತ್ತದೆ, ದಿನಕ್ಕೊಂದು ಚೌಕದ ಮನೆಯನ್ನೂ ಕಟ್ಟಬಹುದು. ಅಂಗಡಿಯ ಮಲಯಾಳಿ ಮಾದರಿ ಪುಸ್ತಕವೊಂದನ್ನು ಕೊಟ್ಟರು. ಅದರ ಕೊನೇ ಪುಟದಲ್ಲಿ ಗೀಚಿ, ಹಿಂದೆ ತಿರುಗಿಸಿ, ಶಾಯಿ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಸಣ್ಣ ಮೊನೆಯ ಕಪ್ಪು ಪೆನ್ನು, ಪುಟ್ಟ ಸ್ಕೇಲು, ಪೆನ್ಸಿಲ್ಲು, ರಬ್ಬರು. ಅಕ್ಕನ ಕಣ್ಣು ತಪ್ಪಿಸಿ ಒಂದೇ ಒಂದು ಕೆಂಪು ಪೆನ್ನು.

ಮೊದಲ ಪುಟದಲ್ಲಿ ವಾರ ಬರೆಯಲು ಕೂತರೆ ಕೈ ತಾನಾಗಿ “ಸೋಮವಾರ” ಎಂದು ಬರೆಯಿತು. ಪೆನ್ಸಿಲ್ ತಂದಿದ್ದು ಒಳ್ಳೆಯದಾಯಿತು. ಅಳಿಸಿ “ಭಾನುವಾರ” ಎಂದು ಬರೆದೆ. ಅದರ ಮುಂದೆ: ಪಾಠ, ಭಿನ್ನರಾಶಿ.

ಆ ಭಾನುವಾರ ತಪ್ಪಲಿಲ್ಲ. ಕೆಲಸ ಸಿಕ್ಕಿತು. ಮತ್ತೆ ಯಾರೋ ನನ್ನನ್ನು ಮಿಸ್ ಎಂದು ಕರೆಯುತ್ತಾರೆಂಬ ಖುಷಿಗೆ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಆದರೆ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಮುಗಿಯಲೊಲ್ಲದು: “ಮನೆಯವರೆಲ್ಲರ ಜೊತೆ ಮಾತು.” ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ನನ್ನ ಸ್ವಂತ ಅಕ್ಕ ಸುಧಾಳ ಮನೆಯಲ್ಲಿ ಅಮ್ಮ, ಮಕ್ಕಳು, ಚಿಕ್ಕಮ್ಮ ಎಲ್ಲರೂ ದೋಸೆಗೆ ಸೇರುತ್ತಾರೆ. ಸುಧಾಳ ಟೈಲರಿಂಗ್ ಅಂಗಡಿಗೆ ಅದೊಂದೇ ರಜೆ. ನನಗೆ ಬಿಡುವಿರುವ ಶುಕ್ರವಾರ ಫೋನ್ ಮಾಡಿದರೆ, “ಗಿರಾಕಿ ಇದಾರೆ ಕಣೇ, ಭಾನುವಾರ ಮಾತಾಡೋಣ” ಎನ್ನುತ್ತಾಳೆ. ಅಲ್ಲಿ ಶುಕ್ರವಾರವೆಂದರೆ ತಲೆಸ್ನಾನ, ಹೊಸ್ತಿಲಿಗೆ ಅರಿಶಿನ, ಆಮೇಲೆ ಓಟ. ಇಲ್ಲಿ ಮಧ್ಯಾಹ್ನದ ನಮಾಜಿನವರೆಗೆ ಬೀದಿಯೇ ಮಲಗಿರುತ್ತದೆ. ಆ ಮೌನದಲ್ಲಿ ಕೂತು ಆ ಸಾಲಿಗೆ ಐದು ವಾರ ಬಾಣ ಹಾಕಿದೆ.

ಕಳೆದ ಭಾನುವಾರ ಬೆಳಗ್ಗೆ ಐದೂ ಮುಕ್ಕಾಲಿಗೆ ಶಾಲೆಯ ಬಸ್ಸು ಹತ್ತಿದೆ. ಊರಲ್ಲಿ ಎಂಟೂ ಕಾಲು. ತಡೆಯಲಾರದೆ ವಿಡಿಯೋ ಕಾಲ್ ಮಾಡಿಯೇಬಿಟ್ಟೆ. ಎಲ್ಲರೂ ಇದ್ದರು. ಕಾವಲಿಯ ಚುಂಯ್ ಸದ್ದೂ ಕೇಳಿಸಿತು.

“ಭಾನುವಾರಾನೂ ಸ್ಕೂಲಾ? ಏನೇ ಇದು ಕರ್ಮ!” ಎಂದರು ಅಮ್ಮ.

“ನಮ್ಮಲ್ಲಿ ಇವತ್ತೇ ವಾರದ ಮೊದಲನೇ ದಿನ ಅಮ್ಮ.”

“ನಮ್ಮಲ್ಲಿ ಅಂತೀಯಲ್ಲೇ” ಎಂದು ಅಮ್ಮ ನಕ್ಕರು. ನನಗೆ ನಾಚಿಕೆಯಾಯಿತು. ಆಡಿದ ಮಾತು ಸುಳ್ಳೇನೂ ಆಗಿರಲಿಲ್ಲ.

ಕುಲುಕುವ ಬಸ್ಸಿನಲ್ಲೇ ಪುಸ್ತಕ ತೆಗೆದು ಆ ಸಾಲಿಗೆ ಗುಣಾಕಾರದ ಗುರುತು ಹಾಕಿದೆ. ಆಮೇಲೆ ಮುಂದಿನ ವಾರದ ಪುಟ ತೆರೆದೆ. ಪಾಠವಿದೆ, ಪರೀಕ್ಷೆಯಿದೆ, ರಜೆಯಂತೂ ಅಲ್ಲ. ಆದರೂ ಭಾನುವಾರವನ್ನು ಕೆಂಪು ಪೆನ್ನಿನಲ್ಲೇ ಬರೆದೆ.