ಮಿಡಿ ತುಂಬಿದ ಹಂಗೇರಿ ಹೂದಾನಿ

ಆ ಹೂದಾನಿಯ ಮೇಲಿದ್ದ ಚಿಟ್ಟೆ ನೀಲಿಯೋ ಹಸಿರೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಡೈರಿಯಲ್ಲಿ ಒಂದು ಕಡೆ ನೀಲಿ ಎಂದಿದೆ, ಎರಡು ಪುಟದ ಆಚೆ ಹಸಿರು. ಎರಡೂ ನನ್ನದೇ ಅಕ್ಷರ. ಅದರೊಳಗೆ ಮಾವಿನಮಿಡಿ ಉಪ್ಪಿನಕಾಯಿ ಇತ್ತೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹಂಗೇರಿ ದೇಶದಲ್ಲಿ ಕೈಯಿಂದ ಚಿತ್ರ ಬರೆದ ಹಳೆಯ ಪಿಂಗಾಣಿ ಹೂದಾನಿಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಕೊಪ್ಪದ ನಮ್ಮ ಮನೆಯಲ್ಲಿ ಮೂರಿವೆ. ನಾಲ್ಕನೆಯದನ್ನು ಕಂಡದ್ದು ಮೇಗುಂದದಲ್ಲಿ, ಅಮ್ಮನ ಗೆಳತಿಯ ಮನೆಗೆ ಊಟಕ್ಕೆ ಹೋದಾಗ. ಅವರ ಮಾವ ಬಸರೀಕಟ್ಟೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರಂತೆ; ಬಂಗಲೆ ಖಾಲಿ ಮಾಡುವಾಗ ಅಲ್ಲಿನ ಬಿಳಿಯ ದೊರೆ ಕೊಟ್ಟುಹೋದದ್ದು. ಬಾಯಿ ಅಗಲವಿದ್ದುದರಿಂದ ಆ ಮನೆಯಲ್ಲಿ ಅದು ಉಪ್ಪಿನಕಾಯಿ ಭರಣಿಯಾಗಿತ್ತು.

ಹಂಗೇರಿಯದ್ದು ಹೌದೋ ಅಲ್ಲವೋ ತಿಳಿಯಬೇಕಾದರೆ ತಳದ ಗುರುತು ನೋಡಬೇಕು. ಸ್ವಲ್ಪ ಎತ್ತಿ ಓರೆ ಮಾಡಬಹುದೇ ಎಂದು ಕೇಳಿದೆ.

"ಎಂತ ಮಾರಾಯ, ಅಲ್ಲಾಡಿಸಿದ್ರೆ ಮಿಡಿಗೆ ಬೂಷ್ಟು ಹಿಡೀತದೆ. ಖಾಲಿ ಆದ್ಮೇಲೆ ಬಾ. ಬೇರೆ ಭರಣಿ ತಂದ್ಕೊಟ್ರೆ ಇದನ್ನ ನೀನೇ ಇಟ್ಕೋ."

"ಯಾವಾಗ ಖಾಲಿ ಆಗ್ತದೆ?"

"ತಿಂದ ಹಾಗೆ."

ತಿಂದೆ. ವಾರ ವಾರ ಏನೋ ನೆಪ ಹೇಳಿಕೊಂಡು ಹೋಗಿ ಮಜ್ಜಿಗೆಯನ್ನಕ್ಕೆ ಎರಡು, ಬರಿದೇ ಒಂದು ತಿಂದೆ. ಮನೆಗೂ ಡಬ್ಬಿಯಲ್ಲಿ ತಂದೆ. ಶೃಂಗೇರಿಯಲ್ಲಿ ನನ್ನ ಬಿಪಿ ನೋಡುವ ಡಾಕ್ಟರು, "ಉಪ್ಪು ಬಿಟ್ರಾ?" ಎಂದಾಗ, "ಇನ್ನು ಅರ್ಧ ಭರಣಿ ಉಂಟು" ಎಂದೆನಂತೆ. ಹೀಗೆ ಹೇಳಿದ್ದು ನನಗೆ ನೆನಪಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಮರೆಯಲು ಬಿಟ್ಟಿಲ್ಲ.

ಕಡೆಗೆ ಖಾಲಿಯಾಯಿತು. ಹೊಸ ಭರಣಿ ಹಿಡಿದುಕೊಂಡು ಹೋದೆ. ಅವರು ಹೂದಾನಿಯನ್ನು ತೊಳೆದು, ಒರೆಸಿ ನನ್ನ ಕೈಗಿತ್ತರು. ಮಗುಚಿದೆ. ತಳದಲ್ಲಿ ಸಣ್ಣ ನೀಲಿ ಅಕ್ಷರಗಳು.

"ಎಲ್ಲೀದಂತೆ?"

"ಹಂಗೇರಿ," ಎಂದೆ.

"ಓ, ಕೆಂಗೇರೀದಾ? ಹಾಗಾದ್ರೆ ತಗೊಂಡ್ಹೋಗು ಮಾರಾಯ. ನನ್ನ ತಮ್ಮನ ಮನೆ ಅಲ್ಲೇ ಇರೂದು. ಬೇಕಾದ್ರೆ ಇನ್ನೊಂದು ತರಿಸಿದ್ರಾಯ್ತು."

ಹೂದಾನಿ ನನ್ನ ಎದೆಗೆ ಒರಗಿತ್ತು. ತಲೆಯಾಡಿಸಿ ಮೆಟ್ಟಿಲಿಳಿದಿದ್ದರೆ ಮುಗಿಯುತ್ತಿತ್ತು. ನಾನು ನಿಂತು, "ಕೆಂಗೇರಿ ಅಲ್ಲ, ಹಂಗೇರಿ. ಯುರೋಪಿನಲ್ಲಿ ಬರ್ತದೆ. ಚಿತ್ರ ಎಲ್ಲ ಕೈಯಲ್ಲೇ ಬರೆದದ್ದು," ಎಂದು ವಿವರಿಸಿದೆ. ಸತ್ಯ ಮುಚ್ಚಿಡಲು ಮನಸ್ಸಾಗಲಿಲ್ಲ ಎಂದು ಅಂದು ಬರೆದುಕೊಂಡಿದ್ದೇನೆ. ಈಗ ಓದಿದರೆ ನಂಬಿಕೆ ಬರುವುದಿಲ್ಲ. ಎಂ.ಎ. ಮಾಡಿದವನಿಗೆ ಇನ್ನೊಬ್ಬರ ತಪ್ಪು ತಿದ್ದದೆ ಇರಲು ಆಗುವುದಿಲ್ಲ, ಅಷ್ಟೇ ಇರಬೇಕು.

ಅವರು ಮೆಲ್ಲಗೆ ನನ್ನ ಕೈಯಿಂದ ಹೂದಾನಿಯನ್ನು ಬಿಡಿಸಿಕೊಂಡರು.

"ಅಷ್ಟು ದೂರದಿಂದ ಮೇಗುಂದಕ್ಕೆ ಬಂದದ್ದನ್ನ ಕೊಪ್ಪಕ್ಕೆ ಕಳಿಸೂದು ಸರಿಯಾ? ನೀನೇ ಹೇಳು, ಓದಿದವ."

ಸರಿಯಲ್ಲ ಎಂದೆ. ಹೊಸ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.