ಮನೆಯನ್ನೇ ಓಡಿಸಿಕೊಂಡು ಹೋದ ಕಾಮಾಕ್ಷಕ್ಕ

ಹದಿನಾರು ವರ್ಷ ಜಪಾನಿನಲ್ಲಿದ್ದರೂ ಕಾಮಾಕ್ಷಕ್ಕ ನೋಡಿದ್ದು, ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದಾದಷ್ಟು ಜಪಾನನ್ನು ಮಾತ್ರ. ಕಾಮಾಕುರದ ದೊಡ್ಡ ಬುದ್ಧನನ್ನು ನೋಡಿದ್ದಾರೆ, ನಿಕ್ಕೋ ನೋಡಿದ್ದಾರೆ, ದೂರದಿಂದ ಫ್ಯೂಜಿ ಬೆಟ್ಟ ನೋಡಿದ್ದಾರೆ. ಎಲ್ಲ ಕಡೆಯೂ ಕ್ಯಾಮೆರಾಕ್ಕಿಂತ ಮೊದಲು ಪುಳಿಯೋಗರೆ ಡಬ್ಬ ಹೊರಗೆ ಬಂದಿದೆ. ಅವರ ಮಗಳ ಹೆಸರು ಇಂದು. ಅವಳು ಕೋಬೆಯಲ್ಲಿ ಕಾಲೇಜು ಸೇರಿದ ಮೇಲೆ ಒಂದು ಸಲ ಅಲ್ಲಿಗೂ ಹೋಗಿದ್ದರು. ಅವಳ ರೂಮಿನಲ್ಲಿ ಒಲೆ ಇತ್ತು, ಅದಕ್ಕೇ.

ಕಾರಣ ಮೀನು. ಈ ದೇಶದಲ್ಲಿ ನೀರಿಗೂ ಮೀನು ಹಾಕುತ್ತಾರೆ ಎಂಬುದು ಅವರ ನಂಬಿಕೆ, ಅದು ಪೂರ್ತಿ ಸುಳ್ಳೂ ಅಲ್ಲ. ಬರೀ ತರಕಾರಿ ಎಂದು ತಂದಿಟ್ಟ ಸೂಪಿನ ತಳದಲ್ಲಿ ಒಣಮೀನಿನ ಸಾರವಿರುತ್ತದೆ. ಅವರು ಮೈಸೂರಿನ ಅಗ್ರಹಾರದ ಹೆಣ್ಣುಮಗಳು. ತಮ್ಮ ಪಾತ್ರೆಯಲ್ಲಿ ತಾವು ಬೇಯಿಸಿದ್ದನ್ನು ಬಿಟ್ಟು ಬೇರೇನೂ ಅವರ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ವಸುಧಾ. ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ಅವರದು ಮೂರನೇ ಮಹಡಿ, ನನ್ನದು ನಾಲ್ಕನೆಯದು. ಭಾಷಾಂತರ ನನ್ನ ಹೊಟ್ಟೆಪಾಡು, ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದು ಹವ್ಯಾಸ. ಕಾಮಾಕ್ಷಕ್ಕನ ಮೇಲೆ ನನಗೆ ಪ್ರೀತಿಯೂ ಇದೆ, ಕೋಪವೂ ಇದೆ. ಕೋಪ ಯಾಕೆಂದರೆ, ಆಡಬೇಕಾದ ಮಾತನ್ನು ಈ ಹೆಂಗಸು ಆಡುವುದಿಲ್ಲ.

ಆಡದೇ ಉಳಿದ ಆ ಮಾತು ಓಯಿಕಾವಾ ಸಾನ್‌ಗೆ ಸಂಬಂಧಿಸಿದ್ದು. ಸಾನ್ ಎಂದರೆ ಇಲ್ಲಿಯ ಮರ್ಯಾದೆಯ 'ಅವರು'. ಓಯಿಕಾವಾ ಸಾನ್ ಎಂಟು ವರ್ಷ ಕಾಮಾಕ್ಷಕ್ಕನ ಪಕ್ಕದ ಮನೆಯಲ್ಲಿದ್ದ ಹೆಂಗಸು. ಕಸ ವಿಂಗಡಿಸುವುದರಿಂದ ಹಿಡಿದು ಶಾಲೆಯ ಚೀಟಿಗೆ ಉತ್ತರ ಬರೆಯುವವರೆಗೆ ಎಲ್ಲವನ್ನೂ ಕಲಿಸಿದವರು. ಎರಡು ಸಾವಿರದ ಹನ್ನೊಂದರ ಭೂಕಂಪದ ದಿನ ಕಾಮಾಕ್ಷಕ್ಕ ಟೋಕಿಯೋದಲ್ಲಿ ಸಿಕ್ಕಿಕೊಂಡಿದ್ದರು. ರೈಲು ನಿಂತು, ಐದು ಗಂಟೆ ನಡೆದು ಮನೆ ಮುಟ್ಟುವಷ್ಟರಲ್ಲಿ ಓಯಿಕಾವಾ ಸಾನ್ ಶಾಲೆಗೆ ಓಡಿ ಇಂದುವನ್ನು ಕರೆತಂದು, ಮತ್ತೆ ಮತ್ತೆ ನಡುಗುತ್ತಿದ್ದ ನೆಲದ ಮೇಲೆ ಅವಳನ್ನು ಮೇಜಿನ ಕೆಳಗೆ ತಬ್ಬಿ ಕೂತಿದ್ದರು. ಅದೇ ದಿನ ಸುನಾಮಿಯಲ್ಲಿ, ಉತ್ತರದ ಕೆಸೆನ್ನುಮದಲ್ಲಿದ್ದ ಓಯಿಕಾವಾ ಸಾನ್ ಅಕ್ಕನ ಮನೆ ಸಮುದ್ರದ ಪಾಲಾಗಿತ್ತು. ಅಕ್ಕನಿಗೆ ಆಸರೆಯಾಗಲು ಹೋದವರು ಅಲ್ಲೇ ಉಳಿದುಬಿಟ್ಟರು. ಪ್ರತಿ ಜನವರಿಗೆ ಅವರ ಕಾರ್ಡು ಬರುತ್ತಿತ್ತು: ಈ ವರ್ಷವಾದರೂ ಬನ್ನಿ. ಕಾಮಾಕ್ಷಕ್ಕ ಬರೆಯುತ್ತಿದ್ದರು: ಮುಂದಿನ ವರ್ಷ ಖಂಡಿತ.

ಏಳು ವರ್ಷ ಹೀಗೇ ಕಳೆಯಿತು. ನಾನು ಒಮ್ಮೆ ರೇಗಿದೆ. "ನಿಮ್ಮನೇಲಿ ಊಟ ಮಾಡಕ್ಕಾಗಲ್ಲ ಅಂತ ಹೇಳ್ಬಿಟ್ಟು ಹೋಗ್ಬರ್ಬಾರ್ದಾ ಅಕ್ಕಾ?"

"ಹೆಂಗೇ ಹೇಳ್ಲಿ? ಮೀನು ಹಿಡಿಯೋರ ಮನೆ ಅದು. ಅವರು ಊಟಕ್ಕೆ ಕರೆದಾಗೆಲ್ಲ ಇವತ್ತು ಉಪವಾಸ, ಇವತ್ತು ಉಪವಾಸ ಅಂತ ಎಂಟು ವರ್ಷ ತಳ್ಳಿದೀನಿ. ನನ್ ಮಗಳನ್ನ ಕಾಪಾಡಿದ ಕೈ ಕಣೇ. ಆ ಕೈ ಬಡಿಸಿದ್ದನ್ನ ಬೇಡ ಅನ್ಲಾ?"

ಫೋನಿನಲ್ಲಿ ಇಂದು, "ಅಮ್ಮಾ, ಜಸ್ಟ್ ಟೆಲ್ ಹರ್. ಜಪಾನಲ್ಲೂ ವೆಜಿಟೇರಿಯನ್ಸ್ ಇದಾರೆ" ಎಂದಳು. ಕಾಮಾಕ್ಷಕ್ಕ ಫೋನು ಇಟ್ಟುಬಿಟ್ಟರು.

ಎರಡು ಸಾವಿರದ ಹದಿನೆಂಟರ ಬೇಸಿಗೆಯಲ್ಲಿ ಅವರ ಯಜಮಾನರು ಬಾಲಸುಬ್ರಹ್ಮಣ್ಯ, ಬರುವ ಮಾರ್ಚಿಗೆ ನಿವೃತ್ತಿ, ಆಮೇಲೆ ಮೈಸೂರು ಎಂದು ತೀರ್ಮಾನ ಹೇಳಿದರು. ಮೂರನೇ ದಿನ ಕಾಮಾಕ್ಷಕ್ಕ, "ಓಯಿಕಾವಾ ಸಾನ್ ಮುಖ ನೋಡ್ದೆ ನಾನು ವಿಮಾನ ಹತ್ತಲ್ಲ" ಎಂದರು. "ಅಡುಗೆಮನೆ ಜೊತೇಲಿ ಇದ್ರೆ ಎಲ್ಲಿಗೆ ಬೇಕಾದ್ರೂ ಬರ್ತೀನಿ" ಎಂದೂ ಸೇರಿಸಿದರು. ಅದು ತಮಾಷೆಗೆ ಹೇಳಿದ ಮಾತು. ಆದರೆ ಬಾಲಸುಬ್ರಹ್ಮಣ್ಯ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಮೂವತ್ತು ವರ್ಷ ಕಳೆದವರು. ತಮಾಷೆ ಅವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಮುಂದಿನ ವಾರವೇ ಒಂದು ಜಾಹೀರಾತು ಹಿಡಿದು ನಮ್ಮ ಮನೆಗೆ ಬಂದರು.

ಇಪ್ಪತ್ತು ವರ್ಷ ಹಳೆಯ ಜರ್ಮನ್ ಕ್ಯಾಂಪಿಂಗ್ ಕಾರು. ಕಾರು ಎನ್ನುವುದು ಇಲ್ಲಿಯವರ ವಿನಯ, ಅದು ಏಳು ಮೀಟರ್ ಉದ್ದದ ಬಸ್ಸು. ಅಕ್ರೋಟು ಮರದ ಕಪಾಟು, ಚರ್ಮದ ಸೋಫಾ, ಸ್ನಾನದ ಕೋಣೆ, ಫ್ರಿಜ್ಜು, ಮೂರು ಉರಿಯ ಒಲೆ. ಹೊಸದರಲ್ಲಿ ಅದನ್ನು ಕೊಂಡವರು ಯಾರೋ ಭಾರೀ ಶ್ರೀಮಂತರೇ ಇರಬೇಕು. "ಮೂಗಿಗಿಂತ ಮೂಗುತಿ ಭಾರ ಆಗ್ಲಿಲ್ವಾ ಸಾರ್?" ಎಂದು ಕೇಳಿದೆ. "ವಾಪಸ್ ಹೋಗೋವಾಗ ಮಾರ್ತೀವಲ್ಲ" ಎಂದರು.

ಇಲ್ಲಿ ಗಾಡಿ ನಿಲ್ಲಿಸಲು ಸ್ವಂತ ಜಾಗವಿದೆ ಎಂದು ಪೊಲೀಸರಿಂದ ಚೀಟಿ ತರದೆ ಗಾಡಿ ಹೆಸರಿಗೆ ಆಗುವುದಿಲ್ಲ, ಆ ಜಾಗವೂ ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. ನಮ್ಮ ಕಟ್ಟಡದ ಜಾಗದಲ್ಲಿ ನಿಲ್ಲಿಸಿದರೆ ಬಸ್ಸಿನ ಹಿಂಭಾಗ ರಸ್ತೆಯಲ್ಲಿರುತ್ತಿತ್ತು. ಬಾಲಸುಬ್ರಹ್ಮಣ್ಯ ಟೇಪು ಹಿಡಿದು ಗ್ಯೋಟೋಕುವಿನ ಬೀದಿ ಬೀದಿ ಅಳೆದರು. ಕೊನೆಗೆ ನದಿಯ ಪಕ್ಕದ ಗೋದಾಮೊಂದರ ಹಿಂದೆ, ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿ ಒಂದು ಜಾಗ ಸಿಕ್ಕಿತು. ಆ ದಿನ ಅವರ ಮುಖ ನೋಡಬೇಕಿತ್ತು, ಮಗಳಿಗೆ ಗಂಡು ಗೊತ್ತಾದಷ್ಟು ಖುಷಿ.

ಮಾರುವವರು ಸಗಮಿಹಾರಾದ ಮೊರಿತಾ ಸಾನ್. ಉಪಗ್ರಹಗಳ ಬಿಡಿಭಾಗ ಪರೀಕ್ಷಿಸಿ ನಿವೃತ್ತರಾದ ಇಂಜಿನಿಯರು. ನಾವು ಹೋದಾಗ ಬಿಳಿ ಕೈಗವಸು ತೊಟ್ಟು ಗಾಡಿಯ ಪಕ್ಕ ನಿಂತಿದ್ದರು. ಅವರ ಕೈಯಲ್ಲಿ ನೂರಹನ್ನೆರಡು ಅಂಶಗಳ ಪಟ್ಟಿ. ಬಾಲಸುಬ್ರಹ್ಮಣ್ಯ ಜೇಬಿನಿಂದ ತಮ್ಮ ಪಟ್ಟಿ ತೆಗೆದರು, ಅದರಲ್ಲಿ ನೂರನಲವತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡರು. ಆಮೇಲೆ ನಾಲ್ಕು ಗಂಟೆ ಅವರಿಬ್ಬರೂ ನಮ್ಮ ಕೈಗೆ ಸಿಗಲಿಲ್ಲ. ಹಿಂದಿನ ಚಕ್ರದ ಮೇಲೆ ಒಂದು ಕಡೆ ತುಕ್ಕು, ಚಾವಣಿಯ ಕಿಟಕಿಯ ರಬ್ಬರು ಬಿರುಕು, ಎರಡನ್ನೂ ಮೊರಿತಾ ಸಾನ್ ತಾವೇ ತೋರಿಸಿದರು.

ಕಾಮಾಕ್ಷಕ್ಕ ಪರೀಕ್ಷೆ ಮಾಡಿದ್ದು ಒಂದೇ. ಅಡುಗೆಯ ಕಡೆಯ ಒಂದೊಂದೇ ಡ್ರಾಯರು ಎಳೆದು, ಒಳಗೆ ತಲೆ ಹಾಕಿ ಮೂಸಿದರು.

ಮೊರಿತಾ ಸಾನ್ ಗಾಬರಿಯಾದರು. "ಏನಾದರೂ ವಾಸನೆ ಬರುತ್ತಿದೆಯೇ?"

ನಾನು ಬಾಯಿ ತೆರೆದೆ. ಕಾಮಾಕ್ಷಕ್ಕ ನನ್ನ ತೋಳು ಚಿವುಟಿದರು. "ಹೇಳ್ಬೇಡ ಕಣೇ, ಬೇಜಾರ್ ಮಾಡ್ಕೋತಾರೆ." ಮರದ ಪರಿಮಳ ಚೆನ್ನಾಗಿದೆ ಎಂದು ನಾನೇ ಏನೋ ಹೇಳಿ ಮುಗಿಸಿದೆ. ಹಾಗೆ ನೋಡಿದರೆ ಅಲ್ಲಿ ಮೀನಿನ ವಾಸನೆ ಇರಲೇ ಇಲ್ಲ. ಮೊರಿತಾ ಸಾನ್ ಆ ಒಲೆಯಲ್ಲಿ ಕಾಫಿಗೆ ನೀರು ಕಾಯಿಸುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

ಕಾಗದಪತ್ರ ಮುಗಿದು, ಕೀಲಿ ಕೊಡುವ ಶನಿವಾರ ಬಂತು. ದಾರಿಯುದ್ದಕ್ಕೂ ಗಂಡ ಹೆಂಡತಿಗೆ ಜಗಳ.

"ನಾಲ್ಕು ಚಕ್ರ ಇದೆ, ನಂಬರ್ ಪ್ಲೇಟ್ ಇದೆ. ವಾಹನ ಕಣೇ. ನಿಂಬೆಹಣ್ಣು ಸಾಕು."

"ಒಲೆ ಇದೆ, ಹಾಸಿಗೆ ಇದೆ, ಬಚ್ಚಲಿದೆ. ಮನೆ ರೀ. ಹಾಲುಕ್ಕಿಸ್ದೆ ನಾನು ಅದ್ರಲ್ಲಿ ಹೊರಡಲ್ಲ."

ಎರಡೂ ಮಾಡುವುದೆಂದು ನಾನು ತೀರ್ಪು ಕೊಟ್ಟೆ. ತಪ್ಪು ನನ್ನದೇ.

ನಿಂಬೆಹಣ್ಣಿನ ಕೆಲಸ ಸಲೀಸಾಗಿ ಮುಗಿಯಿತು. ಚಕ್ರದ ಕೆಳಗೆ ಚಟ್ ಎಂದಾಗ ಮೊರಿತಾ ಸಾನ್ ಬಗ್ಗಿ ಟೈರು ನೋಡಿದರು, ಅಷ್ಟೆ. ಆಮೇಲೆ ಕಾಮಾಕ್ಷಕ್ಕ ಒಳಗೆ ಹೋಗಿ, ಪುಟ್ಟ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಹಾಲು ಸುರಿದು ಒಲೆ ಹಚ್ಚಿದರು. ಹಾಲು ಏರತೊಡಗಿತು. ಬಾಗಿಲಲ್ಲಿ ನಿಂತಿದ್ದ ಮೊರಿತಾ ಸಾನ್ "ಅಪಾಯ, ಅಪಾಯ" ಎಂದರು. ಕಾಮಾಕ್ಷಕ್ಕ ಕೈಮುಗಿದು ನಿಂತೇ ಇದ್ದರು. ಹಾಲು ಉಕ್ಕಿ ನಾಲ್ಕೂ ಕಡೆ ಸುರಿಯಿತು. ಉರಿ ಆರಿತು. ಆರಿದ ಒಲೆಯಿಂದ ಗ್ಯಾಸು ಬಂದು ಗೋಡೆಯ ಅಲಾರಂ ಕಿರುಚತೊಡಗಿತು. ಮೊರಿತಾ ಸಾನ್ ಓಡಿ ಸಿಲಿಂಡರು ಮುಚ್ಚಿದರು. ಮೊರಿತಾ ಸಾನ್ ಕೈಯಲ್ಲಿ ಒಂದು ಹನಿ ಕಾಫಿಯೂ ಬೀಳದ ಒಲೆ ಹಾಲಿನಲ್ಲಿ ಮುಳುಗಿತ್ತು.

ಮೊರಿತಾ ಸಾನ್ ಬಗ್ಗಿ ಒಲೆಯನ್ನು ಪರೀಕ್ಷಿಸಿದರು. ಆಮೇಲೆ ಕೀಲಿಯನ್ನು ಮತ್ತೆ ತಮ್ಮ ಜೇಬಿಗೆ ಹಾಕಿಕೊಂಡರು. "ಕ್ಷಮಿಸಿ. ಇವತ್ತು ಈ ಗಾಡಿ ಕೊಡಲಾರೆ."

ಕಾಮಾಕ್ಷಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. ಓಯಿಕಾವಾ ಸಾನ್ ಕೈತಪ್ಪಿದರು ಎಂದೇ ಅವರ ಲೆಕ್ಕ. ಆಗ ಕಾಮಾಕ್ಷಕ್ಕ ನಾನು ಎಂದೂ ಕಾಣದ ಕೆಲಸವೊಂದನ್ನು ಮಾಡಿದರು. ಕಣ್ಣೊರೆಸಿಕೊಂಡು, ತಮ್ಮ ಮುರುಕು ಜಪಾನಿಯಲ್ಲಿ ತಾವೇ ವಿವರಿಸಿದರು: ನಮ್ಮಲ್ಲಿ ಹೊಸ ಮನೆಗೆ ಮೊದಲು ಹಾಲು ಉಕ್ಕಬೇಕು, ಉಕ್ಕಿದರೆ ಆ ಮನೆಯಲ್ಲಿ ಯಾವತ್ತೂ ಯಾರಿಗೂ ಕಡಿಮೆ ಬೀಳುವುದಿಲ್ಲ, ನಿಮ್ಮ ಗಾಡಿ ನನಗೆ ಮನೆ, ಬೇಕೆಂದೇ ಉಕ್ಕಿಸಿದೆ, ಸುಮಿಮಾಸೆನ್, ಕ್ಷಮಿಸಿ.

"ಬೇಕೆಂದೇ?" ಎಂದರು ಮೊರಿತಾ ಸಾನ್. ಅವರ ಮುಖ ಸಡಿಲಾಯಿತು. "ಹಾಗಾದರೆ ಇದು ಅಪಘಾತವಲ್ಲ, ವಿಧಾನ. ಸರಿ. ಆದರೂ ಇವತ್ತು ಕೊಡಲಾರೆ. ಉರಿಯದ ಒಲೆಯ ಜೊತೆ ನಾನು ಗಾಡಿ ಕೊಡುವುದಿಲ್ಲ. ಬಿಚ್ಚಿ, ತೊಳೆದು, ಒಣಗಿಸಿ, ಮುಂದಿನ ಶನಿವಾರ ನಾನೇ ತರುತ್ತೇನೆ."

ತಂದರು. ಒಲೆ ಹೊಸದರಂತೆ ಹೊಳೆಯುತ್ತಿತ್ತು. ಪಟ್ಟಿಯ ಕೊನೆಯಲ್ಲಿ ಅವರ ಕೈಬರಹದಲ್ಲಿ ನೂರಹದಿಮೂರನೇ ಅಂಶ ಸೇರಿತ್ತು: ಹಾಲು ಉಕ್ಕಿಸುವುದು, ಮುಗಿದಿದೆ.

ಅಕ್ಟೋಬರಿನಲ್ಲಿ ಹೊರಟೆವು. ಸ್ಟಿಯರಿಂಗ್ ಎಡಗಡೆ, ಟೋಲ್ ಗೇಟಿನ ಕಿಟಕಿ ಬಲಗಡೆ. ಚೀಟಿ ತೆಗೆಯಲು ಬಲಗಡೆ ಉದ್ದ ಕೈಯವರೊಬ್ಬರು ಬೇಕಿತ್ತು, ನನ್ನನ್ನು ಕರೆದೊಯ್ದದ್ದು ಆ ಯೋಗ್ಯತೆಯ ಮೇಲೆ. ದಾರಿಯ ತಂಗುದಾಣದಲ್ಲಿ ಕಾಮಾಕ್ಷಕ್ಕ ಇಂಗಿನ ಒಗ್ಗರಣೆ ಹಾಕಿದರೆ, ಪಕ್ಕದ ಗಾಡಿಯ ಅಜ್ಜ ಅಜ್ಜಿ ಕಿಟಕಿ ತೆರೆದು ಇಣುಕಿದರು. ಅವರಿಗೂ ಒಂದೊಂದು ಬಟ್ಟಲು ಅವಲಕ್ಕಿ ಹೋಯಿತು. ಬಾಲಸುಬ್ರಹ್ಮಣ್ಯ ಗಂಟೆಗೆ ಎಪ್ಪತ್ತು ಕಿಲೋಮೀಟರ್ ಮೀರಲಿಲ್ಲ. ಲಾರಿಗಳೆಲ್ಲ ನಮ್ಮನ್ನು ದಾಟಿಹೋದವು. ಕಾಮಾಕ್ಷಕ್ಕ ಹಿಂದಿನ ಸೋಫಾದಲ್ಲಿ ಕೂತು, ಬೆಟ್ಟಗಳ ಕೆಂಪು ಎಲೆಗಳನ್ನು ನೋಡುತ್ತ ಚಿಕ್ಕ ಹುಡುಗಿಯ ಹಾಗೆ ಕಾಲು ಆಡಿಸುತ್ತಿದ್ದರು. ನಡುನಡುವೆ ಮಾತ್ರ ಮುಖ ಬಾಡುತ್ತಿತ್ತು. ಅವರ ಉಪಾಯವೇನೆಂದರೆ, ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ಅಡುಗೆ ಮುಗಿಸಿ, ಓಯಿಕಾವಾ ಸಾನ್‌ರನ್ನೇ ಊಟಕ್ಕೆ ಕರೆಯುವುದು.

ಕೆಸೆನ್ನುಮದ ಹೊಸ ಮನೆ ಎತ್ತರದಲ್ಲಿತ್ತು, ಕೆಳಗೆ ಸಮುದ್ರ. ಓಯಿಕಾವಾ ಸಾನ್ ಗೇಟಿನಲ್ಲೇ ಕಾಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಮೊದಲು ಬಗ್ಗಿ ನಮಸ್ಕರಿಸಿದರು, ಆಮೇಲೆ ತಬ್ಬಿಕೊಂಡು ಅತ್ತರು, ಆಮೇಲೆ ಮತ್ತೆ ಬಗ್ಗಿ ನಮಸ್ಕರಿಸಿದರು. ಕಾಮಾಕ್ಷಕ್ಕ ಅವರನ್ನು ಕೈಹಿಡಿದು ಬಸ್ಸು ಹತ್ತಿಸಿ, ದಾರಿಯಲ್ಲೇ ಮಾಡಿಟ್ಟಿದ್ದ ಬಿಸಿಬೇಳೆಬಾತ್ ಬಡಿಸಿದರು. ಓಯಿಕಾವಾ ಸಾನ್ ಚೊಕ್ಕಟವಾಗಿ ತಿಂದು ಮುಗಿಸಿ, ಒಲೆ, ಕಪಾಟು, ಡಬ್ಬಗಳನ್ನೆಲ್ಲ ಒಂದು ಸುತ್ತು ನೋಡಿದರು.

"ಇದು ಬಾಡಿಗೆಯದೇ?"

"ಇಲ್ಲ, ಕೊಂಡೆವು."

"ಇಲ್ಲಿಗೆ ಬರುವುದಕ್ಕೇ?"

ಕಾಮಾಕ್ಷಕ್ಕ ತಲೆ ತಗ್ಗಿಸಿದರು. "ನಿಮಗೆ ತೊಂದರೆ ಕೊಡಬಾರದು ಅಂತ..."

ಓಯಿಕಾವಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. "ಕಾಮಾಕ್ಷಿ ಸಾನ್, ಎಂಟು ವರ್ಷ ಪಕ್ಕದ ಮನೆಯಲ್ಲಿದ್ದೆ. ನೀವು ಮೀನು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ವಾರಕ್ಕೆ ನಾಲ್ಕು ದಿನ ಉಪವಾಸ ಮಾಡುವವರು ಇಷ್ಟು ದುಂಡಗೆ ಇರುತ್ತಾರೆಯೇ? ನಾನು ಬಾಯಿಬಿಟ್ಟರೆ ನಿಮಗೆ ಮುಜುಗರವಾಗುತ್ತದೆ ಎಂದು ಸುಮ್ಮನಿದ್ದೆ."

ಒಬ್ಬರ ಸಂಕೋಚ ಮೈಸೂರಿನದು, ಇನ್ನೊಬ್ಬರದು ಇಲ್ಲಿಯದು. ಎರಡೂ ಸೇರಿ ಹದಿನೈದು ವರ್ಷ ನುಂಗಿದ್ದವು. ನನಗೆ ಇಬ್ಬರ ತಲೆಗೂ ಒಂದೊಂದು ಮೊಟಕಬೇಕೆನಿಸಿತು.

"ಬನ್ನಿ" ಎಂದು ಓಯಿಕಾವಾ ಸಾನ್ ನಮ್ಮನ್ನು ತಮ್ಮ ಅಡುಗೆಮನೆಗೆ ಕರೆದೊಯ್ದರು. ಒಲೆಯ ಮೇಲೆ ಒಂದು ಪಾತ್ರೆಯಿತ್ತು. ಹಿಡಿಗೆ ಅಂಟಿಸಿದ್ದ ಕಾಗದದ ಮೇಲೆ ಅವರ ಅಕ್ಷರದಲ್ಲಿ 'ಕಾಮಾಕ್ಷಿ ಸಾನ್' ಎಂದು ಬರೆದಿತ್ತು.

"ಈ ಮನೆ ಕಟ್ಟಿದ ವರ್ಷ ಕೊಂಡದ್ದು. ನಾಲ್ಕು ವರ್ಷವಾಯಿತು. ಇದರಲ್ಲಿ ಏನೂ ಬೆಂದಿರಲಿಲ್ಲ. ಅಕ್ಕ ಒಮ್ಮೆ ಮೀನು ಹಾಕಲು ಹೋದಳು, ಜಗಳವಾಡಿ ಕಿತ್ತುಕೊಂಡೆ. ಊರಿನ ಬುದ್ಧನ ಗುಡಿಯ ಸನ್ಯಾಸಿಗಳು ಮೀನು ತಿನ್ನುವುದಿಲ್ಲ, ಅವರ ಅಡುಗೆಯವರಿಂದ ಕಲಿತು ಇವತ್ತು ಬೆಳಿಗ್ಗೆ ಮೊದಲ ಸಲ ಒಲೆಗಿಟ್ಟೆ. ಮೂಲಂಗಿ, ಕೆಸುವಿನ ಗಡ್ಡೆ, ಅಣಬೆ. ಸಾರಕ್ಕೆ ಕಡಲ ಪಾಚಿ. ಅಷ್ಟೇ."

ಕಾಮಾಕ್ಷಕ್ಕ ಆ ಕಾಗದವನ್ನು ಬೆರಳಿನಿಂದ ಮುಟ್ಟಿದರು. ನೆಲದ ಮೇಲೆ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೂಸಲಿಲ್ಲ. ಕಣ್ಣೀರು ಸುರಿಯುತ್ತಿದ್ದಂತೆಯೇ ತಿಂದರು.

ಬಾಲಸುಬ್ರಹ್ಮಣ್ಯ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಹಾಗಿದ್ರೆ ಬಸ್ಸು ಯಾಕ್ ತಗೊಂಡ್ವಿ?"

ನಾನು ಉತ್ತರಿಸುವ ಮೊದಲೇ ಕಾಮಾಕ್ಷಕ್ಕ ಖಾಲಿ ಬಟ್ಟಲನ್ನು ಮುಂದೆ ಚಾಚಿ, ಇನ್ನೊಂದು ಸಲ ಬಡಿಸಿ ಎಂದರು. ಓಯಿಕಾವಾ ಸಾನ್ ಸೌಟು ತುಂಬಿ ಬಡಿಸಿದರು.