ಐದನೆಯ ಪ್ರತಿ

ಪುಣೆಯ ಕೋರ್ಟಿನ ಹತ್ತಿರ ಟೈಪಿಂಗ್ ಆಫೀಸು ತೆರೆಯಲು ನಾನು ಹಳೆಯ ಟೈಪ್‌ರೈಟರ್ ಹುಡುಕುತ್ತಿದ್ದೆ. ಅಗ್ಗದ ಸಣ್ಣ ಮಷಿನೊಂದನ್ನು ಆರಿಸಿದಾಗ ಅಂಗಡಿಯವರು, ವಿಜಾಪುರದ ಕಡೆಯ ಹಿರಿಯರು, ತಡೆದರು.

“ಅಕ್ಕಾರ, ಇದು ಮನ್ಯಾಗ ಪತ್ರ ಬರಿಯೋರದು. ಕೋರ್ಟಿನ ಕೆಲಸಕ್ಕ ಆ ದೊಡ್ಡದು ಒಯ್ಯರಿ.”

“ತುಟ್ಟಿ ಮಾಲು ಸಾಗಹಾಕಲಿಕ್ಕೆ ನಾನ ಸಿಕ್ಕೇನೇನ್ರಿ?” ಎಂದೆ. ಒಂದೇ ಹಾಳೆ ಹಾಕಿ ಹೊಡೆದು ನೋಡಿದೆ. ಅಕ್ಷರಗಳು ಮುತ್ತಿನಂತಿದ್ದವು. ಕೊಂಡೆ.

ಶುರುವಿನಲ್ಲಿ ನನ್ನನ್ನು ನಂಬಿ ಕೆಲಸ ಕೊಟ್ಟವರು ಒಬ್ಬರೇ ವಕೀಲರು. ಅವರ ಮೊದಲ ಅರ್ಜಿಗೆ ನಡುನಡುವೆ ಕಾರ್ಬನ್ ಇಟ್ಟು ಐದು ಪ್ರತಿ ತೆಗೆಯಬೇಕಿತ್ತು. ಮೂರನೆಯದರ ಕೆಳಗೆ ಏನೂ ಮೂಡಲಿಲ್ಲ. ಸಿಟ್ಟಿನಿಂದ ಕುಟ್ಟಿದೆ, ಮೇಲಿನ ಹಾಳೆಯ ಇಂಗ್ಲಿಷ್ ‘ಓ’ಗಳೆಲ್ಲ ತೂತಾದವು. ವಕೀಲರು ಅದನ್ನು ಬೆಳಕಿಗೆ ಹಿಡಿದು, “ಅಮ್ಮಾ, ಇದರಲ್ಲಿ ಹಿಟ್ಟು ಜರಡಿ ಹಿಡಿಯಬಹುದು,” ಎಂದು ಮರಾಠಿಯಲ್ಲಿ ಹೇಳಿ, ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಮರುದಿನ ಟೈಪ್‌ರೈಟರ್ ಅಂಗಡಿಗೆ ಹೋಗಿ ಆ ದೊಡ್ಡ ಮಷಿನಿನ ಮುಂದೆ ನಿಂತೆ.

“ಬದಲಿ ಮಾಡಿ ಕೊಡ್ಲೇನ್ರಿ ಅಕ್ಕಾರ?” ಎಂದು ಆ ಹಿರಿಯರು ಮೆಲ್ಲಗೆ ಕೇಳಿದರು. ಬೈದಿದ್ದರೆ ತಾಳುತ್ತಿದ್ದೆ, ಆ ಮೆಲುದನಿ ತಾಳಲಾಗಲಿಲ್ಲ.

“ಮಷಿನ್ ಭಾಳ ಛಲೋ ಅದ. ಕಾರ್ಬನ್ ಪೇಪರ್ ಕೊಡ್ರಿ,” ಎಂದೆ.

ಆಮೇಲೆ ವರ್ಷಗಟ್ಟಲೆ, ಸಿಕ್ಕ ಒಂದೊಂದು ಅರ್ಜಿಯನ್ನೂ ಐದು ಪ್ರತಿಗಾಗಿ ಎರಡೆರಡು ಸಲ ಟೈಪು ಮಾಡಿದೆ. ಮಷಿನ್ ಒಮ್ಮೆಯೂ ಕೆಡಲಿಲ್ಲ. ಕೆಟ್ಟಿದ್ದರೆ ಬೇರೆಯದು ತರಲು ನೆಪವಾದರೂ ಸಿಗುತ್ತಿತ್ತು.